ಜಾಹೀರಾತು, ಪತ್ರಿಕಾ ಪ್ರಕಟಣೆ, ಇಮೇಲ್: ಮೂರನ್ನೂ ಮಾಡಿ ನೋಡಿದೆ

ಚಿತ್ರ ಬಿಡಿಸುವುದನ್ನು ಕಲಿಸುವ ಒಂದು ಸಣ್ಣ ಆನ್‌ಲೈನ್ ಕೋರ್ಸ್ ಮಾಡಿದೆ. ಮಾಡುವುದು ಹೇಗೋ ಮುಗಿಯಿತು, ಅದು ಇದೆ ಅಂತ ನಾಲ್ಕು ಜನಕ್ಕೆ ತಿಳಿಸುವುದರಲ್ಲಿ ಸಾಕಾಯಿತು.

ಮೊದಲು ಗೂಗಲ್ ಜಾಹೀರಾತು. ಬೆಳಿಗ್ಗೆ ಹಾಕಿದರೆ ಸಂಜೆಗೆ ಜನ ಬಂದರು. ದುಡ್ಡು ನಿಲ್ಲಿಸಿದ ಮರುದಿನ ನಲ್ಲಿ ತಿರುಗಿಸಿದ ಹಾಗೆ ನಿಂತರು. ಬಂದವರಾದರೂ ಯಾರು? ಯಾವ ಪದ ಹುಡುಕಿ ಬಂದರು ಎಂಬ ಪಟ್ಟಿ ತೆರೆದು ನೋಡಿದೆ: ಅರ್ಧ ಜನ ಮಕ್ಕಳ ಬಣ್ಣ ಹಚ್ಚುವ ಆಟ ಹುಡುಕುತ್ತಿದ್ದರು! ಆ ಪದಗಳನ್ನು ನೆಗೆಟಿವ್ ಕೀವರ್ಡ್‌ಗೆ, ಅಂದರೆ ‘ಇವನ್ನು ಹುಡುಕಿದವರಿಗೆ ನನ್ನ ಜಾಹೀರಾತು ತೋರಿಸಬೇಡ’ ಅನ್ನುವ ಪಟ್ಟಿಗೆ, ಹಾಕಿದ ಮೇಲೆ ಖರ್ಚು ಹತೋಟಿಗೆ ಬಂತು. ಆದರೆ ಒಂದು ಲಾಭ ಆಯಿತು. ‘ಚಿತ್ರಕಲೆ ಕಲಿಯಿರಿ’ ಅಂತ ಒಂದು ಸಾಲು, ‘ನೇರ ಗೆರೆ ಎಳೆಯಲು ಬಾರದವರಿಗೆ ಚಿತ್ರಕಲೆ’ ಅಂತ ಇನ್ನೊಂದು. ಎರಡನೆಯದನ್ನೇ ಜನ ಜಾಸ್ತಿ ಒತ್ತಿದರು.

ಪತ್ರಿಕೆಗಳ ಕೆಲಸವನ್ನು ಒಂದು ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿಗೆ ಕೊಟ್ಟಿದ್ದೆ. ‘ವಿನೂತನ ಕೋರ್ಸ್ ಲೋಕಾರ್ಪಣೆ’ ಅಂತ ಬರೆದು ಎಲ್ಲರಿಗೂ ಕಳಿಸಿದರು. ಒಬ್ಬ ವರದಿಗಾರರು ಒಂದೇ ಸಾಲು ಉತ್ತರ ಕೊಟ್ಟರು: ‘ಇದರಲ್ಲಿ ಸುದ್ದಿ ಎಲ್ಲಿದೆ?’ ನ್ಯಾಯವಾದ ಪ್ರಶ್ನೆ ಅಲ್ವಾ? ಮೊದಲ ಪತ್ರಿಕಾ ಪ್ರಕಟಣೆ ಅಂತ ಸಾಮಾನ್ಯವಾಗಿ ಹೇಳುವುದು 1906ರಲ್ಲಿ ಅಮೆರಿಕದ ಪಿಆರ್ ಪ್ರವರ್ತಕ ಐವಿ ಲೀ ಬರೆದದ್ದನ್ನು. ಅದು ಒಂದು ರೈಲು ಅಪಘಾತದ ವಿವರ, ಸುದ್ದಿಯೇ. ಕೊನೆಗೆ ಏಜೆನ್ಸಿ ಕೊಟ್ಟ ವರದಿ ಇನ್ನೂ ಚೆನ್ನಾಗಿತ್ತು. ಎಲ್ಲೋ ಮೂಲೆಯಲ್ಲಿ ಬಂದ ತುಣುಕನ್ನು ಅಳೆದು, ಅಷ್ಟು ಜಾಗಕ್ಕೆ ಜಾಹೀರಾತು ದರ ಹಾಕಿ, ‘ನಿಮಗೆ ಇಷ್ಟು ಮೌಲ್ಯ ಸಿಕ್ಕಿದೆ’ ಅಂದರು. ಈ ಲೆಕ್ಕ ಒಪ್ಪತಕ್ಕದ್ದಲ್ಲ ಅಂತ ಪಿಆರ್ ಕ್ಷೇತ್ರದವರೇ ಪ್ರಚಾರದ ಫಲ ಅಳೆಯುವ ಬಗ್ಗೆ ತಾವೇ ಒಪ್ಪಿಕೊಂಡ 2010ರ ಬಾರ್ಸಿಲೋನಾ ತತ್ವಗಳಲ್ಲಿ ಹೇಳಿಬಿಟ್ಟಿದ್ದಾರೆ.

ಆಮೇಲೆ ನಾನೇ ಬರೆದೆ. ‘ನೇರ ಗೆರೆ’ ಸಾಲನ್ನೇ ತಲೆಬರಹ ಮಾಡಿ, ಕಲಿತವರ ಮೊದಲ ಮತ್ತು ಕೊನೆಯ ಚಿತ್ರ ಜೊತೆಗಿಟ್ಟು, ಐದೇ ಜನಕ್ಕೆ ಕಳಿಸಿದೆ. ಒಬ್ಬರು ಲೇಖನ ಮಾಡಿದರು. ಆ ದಿನ ಹೆಚ್ಚೇನೂ ಜನ ಬರಲಿಲ್ಲ. ಆದರೆ ತಿಂಗಳುಗಳ ನಂತರವೂ ‘ನಿಮ್ಮ ಬಗ್ಗೆ ಓದಿದ್ದೆ’ ಅನ್ನುವವರು ಸಿಗುತ್ತಿದ್ದಾರೆ. ಜಾಹೀರಾತು ನೋಡಿದ್ದೆ ಅಂತ ಇವತ್ತಿನವರೆಗೆ ಯಾರೂ ಹೇಳಿಲ್ಲ.

ಇಮೇಲ್ ಆಮೆ ನಡಿಗೆ. ಮೊದಲ ಪತ್ರ ಹೆಚ್ಚಿನವರಿಗೆ ಸ್ಪ್ಯಾಮ್‌ಗೆ ಹೋಯಿತು. ಪತ್ರ ನಿಜವಾಗಿ ನನ್ನ ವಿಳಾಸದಿಂದಲೇ ಬಂದದ್ದು ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ ಅನ್ನುವ ಗುರುತಿನ ದಾಖಲೆಗಳನ್ನು ನಾನು ಹಾಕಿರಲೇ ಇಲ್ಲ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಎಷ್ಟು ಜನ ತೆರೆದರು ಎಂಬ ಸಂಖ್ಯೆಯನ್ನೂ ನಂಬುವ ಹಾಗಿಲ್ಲ. ಪತ್ರದೊಳಗಿನ ಒಂದು ಕಾಣದ ಚಿತ್ರ ಇಳಿದರೆ ಪತ್ರ ತೆರೆದರು ಅಂತ ಎಣಿಸುತ್ತಾರೆ. 2021ರಿಂದ ಆಪಲ್‌ನ ಮೇಲ್ ಆ್ಯಪ್, ಓದುಗರು ಪತ್ರ ತೆರೆಯದಿದ್ದರೂ ಚಿತ್ರಗಳನ್ನು ತಾನೇ ಮೊದಲು ಇಳಿಸಿಕೊಳ್ಳಬಲ್ಲದು. ಹಾಗಾಗಿ ನಾನು ಎಣಿಸುವುದು ಬಂದ ಉತ್ತರಗಳನ್ನು ಮಾತ್ರ. ಮೂರರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ಇಮೇಲ್ ಇಟ್ಟುಕೊಳ್ಳುತ್ತೇನೆ. ಆ ಇಮೇಲ್ ವಿಳಾಸಗಳ ಪಟ್ಟಿ ನನ್ನದು, ಯಾರ ದರ ಏರಿದರೂ ಅದು ನನ್ನ ಹತ್ತಿರವೇ ಇರುತ್ತದೆ. ಹೊಸಬರನ್ನು ಮಾತ್ರ ಅದು ಕರೆತರುವುದಿಲ್ಲ.

ಮೊನ್ನೆ ಪತ್ರಕ್ಕೆ ಉತ್ತರಿಸಿದ ಒಬ್ಬರನ್ನು, ನಮ್ಮ ಕೋರ್ಸ್ ಹೇಗೆ ಗೊತ್ತಾಯಿತು ಅಂತ ಸುಮ್ನೆ ಕೇಳಿದೆ. ಲೇಖನ ಓದಿದ್ದರಂತೆ, ಹೆಸರು ಮರೆತು ಗೂಗಲ್‌ನಲ್ಲಿ ಹುಡುಕಿದರಂತೆ, ಮೇಲೆ ಕಂಡ ಜಾಹೀರಾತು ಒತ್ತಿ ಪಟ್ಟಿಗೆ ಸೇರಿದರಂತೆ. ನನ್ನ ಲೆಕ್ಕದ ಹಾಳೆಯಲ್ಲಿ ಅವರು ಪೂರ್ತಿಯಾಗಿ ಜಾಹೀರಾತಿನ ಖಾತೆಗೆ ಬಿದ್ದಿದ್ದಾರೆ.