ಮಕ್ಕಳ ಆರೋಗ್ಯ ಅಧ್ಯಯನಕ್ಕೆ ರೆಡ್‌ಕ್ಯಾಪ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಒಂದೇ ಮಗುವನ್ನು ಹುಟ್ಟಿನಿಂದ ಐದು ವರ್ಷದವರೆಗೆ ಮತ್ತೆ ಮತ್ತೆ ಭೇಟಿಯಾಗಿ ತೂಕ, ಉದ್ದ, ಕಾಯಿಲೆಗಳ ವಿವರ ಬರೆದುಕೊಳ್ಳುವ ಅಧ್ಯಯನಗಳಿಗೆ ಎಕ್ಸೆಲ್ ಸಾಲದು. ಒಂದೇ ಕಾಲಂ ಸಾರ್ಟ್ ಆಯಿತೆಂದರೆ ಒಂದು ಮಗುವಿನ ತೂಕ ಇನ್ನೊಂದು ಮಗುವಿನ ಸಾಲಿಗೆ ಹೋಗಿ ಕೂರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಸಂಶೋಧನೆಯ ಮಾಹಿತಿ ದಾಖಲಿಸಲೆಂದೇ ಇರುವ ರೆಡ್‌ಕ್ಯಾಪ್ ತಂತ್ರಾಂಶದಲ್ಲಿ ಇದು ಆಗದು. ಯಾರು, ಯಾವಾಗ, ಯಾವ ಅಂಕಿಯನ್ನು ಏನೆಂದು ತಿದ್ದಿದರು ಎಂಬುದೆಲ್ಲ ಅದರ ಲಾಗ್‌ನಲ್ಲಿ ಉಳಿಯುತ್ತದೆ. ಈ ಒಂದು ಕಾರಣಕ್ಕೇ ನಾವು ಅದನ್ನು ಬಿಟ್ಟಿಲ್ಲ.

ಇದು 2004ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ತಂತ್ರಾಂಶ. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ಒಪ್ಪಂದ ಮಾಡಿಕೊಂಡರೆ ಪರವಾನಗಿ ಶುಲ್ಕವಿಲ್ಲ. ಹಾಗೆಂದು ಖರ್ಚೇ ಇಲ್ಲವೆಂದಲ್ಲ. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಎಂಬ ತಂತ್ರಾಂಶಗಳಿರುವ ಸರ್ವರ್, ಅದನ್ನು ನೋಡಿಕೊಳ್ಳುವವರು, ದಿನದಿನದ ಬ್ಯಾಕಪ್ ಎಲ್ಲವೂ ಸಂಸ್ಥೆಯ ಹೊಣೆ. ಒಬ್ಬ ಸಂಶೋಧಕ ತನ್ನ ಪಾಡಿಗೆ ಡೌನ್‌ಲೋಡ್ ಮಾಡಿಕೊಂಡು ಬಳಸುವಂಥದ್ದಲ್ಲ.

ಇದರ ಜೀವಾಳ ಡೇಟಾ ಡಿಕ್ಷನರಿ. ಪ್ರತಿ ಪ್ರಶ್ನೆಗೂ ಒಂದು ಸಾಲು ಇರುವ ಸಿಎಸ್‌ವಿ (ಸರಳ ಪಠ್ಯರೂಪದ ಕೋಷ್ಟಕ) ಕಡತ ಅದು: ವೇರಿಯಬಲ್ ಹೆಸರು (ಆ ಪ್ರಶ್ನೆಯ ಉತ್ತರವನ್ನು ತಂತ್ರಾಂಶ ಗುರುತಿಸುವ ಹೆಸರು), ಪ್ರಶ್ನೆಯ ಪಠ್ಯ, ಆಯ್ಕೆಗಳು, ಕನಿಷ್ಠ ಮತ್ತು ಗರಿಷ್ಠ ಮಿತಿ, ಯಾವಾಗ ಕಾಣಿಸಬೇಕೆಂಬ ಷರತ್ತು. ಪರದೆಯ ಮೇಲೆ ಒಂದೊಂದೇ ಪ್ರಶ್ನೆ ಸೇರಿಸುವುದಕ್ಕಿಂತ ಈ ಕಡತವನ್ನೇ ಸಿದ್ಧಪಡಿಸಿ, ತಂಡದವರೆಲ್ಲ ಕೂತು ಓದಿ, ಆಮೇಲೆ ಏರಿಸುವುದು ಒಳ್ಳೆಯದು. ಮೊದಲ ಮಗುವನ್ನು ತೂಗುವ ಮುನ್ನ ಇದು ಮುಗಿದಿರಬೇಕು. ಪ್ರಾಜೆಕ್ಟ್ ಪ್ರೊಡಕ್ಷನ್‌ಗೆ, ಅಂದರೆ ನಿಜವಾದ ಮಾಹಿತಿ ತುಂಬುವ ಹಂತಕ್ಕೆ, ಹೋದಮೇಲೆ ಆಯ್ಕೆಗಳ ಸಂಕೇತ ಮುಟ್ಟುವುದು ಅಪಾಯ. ಒಳಗೆ ಉಳಿದಿರುವುದು 1, 2, 3 ಎಂಬ ಅಂಕಿ ಮಾತ್ರ. 2ರ ಅರ್ಥವನ್ನು 'ಎದೆಹಾಲು ಮತ್ತು ನೀರು' ಎಂಬುದರಿಂದ 'ಡಬ್ಬಿ ಹಾಲು' ಎಂದು ಬದಲಿಸಿದರೆ ಹಳೆಯ ಮಕ್ಕಳ ಉತ್ತರವೂ ಬದಲಾದಂತೆಯೇ. ಹೊಸ ಆಯ್ಕೆ ಬೇಕಿದ್ದರೆ ಹೊಸ ಅಂಕಿ ಕೊಟ್ಟು ಕೊನೆಗೆ ಸೇರಿಸಿ.

ಕನ್ನಡದಲ್ಲಿ ಪ್ರಶ್ನೆ ಬರೆಯಬಹುದು, ಬರೆಯಲೇಬೇಕು. ಅಂಗನವಾಡಿಯಲ್ಲಿ ಕೂತು ಇಂಗ್ಲಿಷ್ ಪ್ರಶ್ನೆಯನ್ನು ಬಾಯಲ್ಲೇ ಅನುವಾದಿಸಿದರೆ ಹತ್ತು ಜನ ಹತ್ತು ಬಗೆಯಲ್ಲಿ ಕೇಳುತ್ತಾರೆ. 12ನೇ ಆವೃತ್ತಿಯಿಂದ ಒಂದೇ ಫಾರ್ಮ್ ಅನ್ನು ಹಲವು ಭಾಷೆಗಳಲ್ಲಿ ತೋರಿಸುವ ಸೌಲಭ್ಯವೂ ಇದೆ. ವೇರಿಯಬಲ್ ಹೆಸರು ಮಾತ್ರ ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಅಡಿಗೆರೆಗಳಲ್ಲೇ ಇರಬೇಕು. ಒಂದು ಎಚ್ಚರಿಕೆ: ಡಿಕ್ಷನರಿಯನ್ನು ಎಕ್ಸೆಲ್‌ನಲ್ಲಿ ಮಾಮೂಲಿ ಸಿಎಸ್‌ವಿ ಆಗಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. 'ಸಿಎಸ್‌ವಿ ಯುಟಿಎಫ್-8' ಎಂಬ ಆಯ್ಕೆಯಲ್ಲೇ ಉಳಿಸಿ, ಹಳೆಯ ಪ್ರತಿಯನ್ನು ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ.

ಹೆಚ್ಚು ಕಾಟ ಕೊಡುವುದು ವಯಸ್ಸು. ಎತ್ತರ ಅರ್ಧ ಸೆಂಟಿಮೀಟರ್ ತಪ್ಪಿದರೆ ಆಗುವ ಹಾನಿಗಿಂತ ಹುಟ್ಟಿದ ತಿಂಗಳು ತಪ್ಪಿದರೆ ಆಗುವ ಹಾನಿ ದೊಡ್ಡದು. ಅದರಲ್ಲೂ ಒಂದು ವರ್ಷದೊಳಗಿನ ಮಕ್ಕಳಲ್ಲಿ ಒಂದು ತಿಂಗಳ ವ್ಯತ್ಯಾಸ ಇಡೀ ಫಲಿತಾಂಶವನ್ನು ಕೆಡಿಸಬಲ್ಲದು. ಹುಟ್ಟಿದ ದಿನಾಂಕವನ್ನು ಬಾಯಿಮಾತಿನಿಂದ ಪಡೆಯದೆ ತಾಯಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರ ನೋಡಿ ಬರೆಯಬೇಕು, ಯಾವುದನ್ನು ನೋಡಿದ್ದು ಎಂಬುದಕ್ಕೆ ಇನ್ನೊಂದು ಪ್ರಶ್ನೆ ಇಡಬೇಕು. ತಿಂಗಳು ಗೊತ್ತಿದ್ದು ದಿನ ಗೊತ್ತಿಲ್ಲದಿದ್ದರೆ 15 ಎಂದು ಹಾಕಿ, ಅದು ಊಹೆಯ ದಿನ ಎಂದು ಪ್ರತ್ಯೇಕ ಗುರುತು ಮಾಡಬೇಕು.

ಎರಡು ದಿನಾಂಕಗಳ ಅಂತರದಿಂದ ವಯಸ್ಸನ್ನು ಲೆಕ್ಕ ಹಾಕುವ ಡೇಟ್‌ಡಿಫ್ ಸೂತ್ರದಲ್ಲಿ ಎಡವಿ ಬೀಳುವ ನಾಲ್ಕು ಹಳ್ಳಗಳಿವೆ. ಮೊದಲನೆಯದು, ತಿಂಗಳಿಗೆ ದೊಡ್ಡಕ್ಷರದ ಎಮ್ ಹಾಕಬೇಕು. ಸಣ್ಣಕ್ಷರ ಹಾಕಿದರೆ ಉತ್ತರ ನಿಮಿಷಗಳಲ್ಲಿ ಬರುತ್ತದೆ. ನಮ್ಮ ಸಲಹೆ, ತಿಂಗಳ ಗೋಜೇ ಬೇಡ, ದಿನಗಳಲ್ಲಿ ಲೆಕ್ಕ ಹಾಕಿ. ಎರಡನೆಯದು ಇನ್ನೂ ಕೆಟ್ಟದ್ದು. ಕೊನೆಯಲ್ಲಿ 'ಟ್ರೂ' ಎಂದು ಸೇರಿಸದಿದ್ದರೆ ಸೂತ್ರ ಋಣ ಚಿಹ್ನೆಯನ್ನು ನುಂಗಿಬಿಡುತ್ತದೆ. ಜನವರಿಯಲ್ಲಿ ಅಭ್ಯಾಸಬಲದಿಂದ ಹಳೆಯ ಇಸವಿ ಬರೆದು, ಭೇಟಿಯ ದಿನ ಹುಟ್ಟಿದ ದಿನಕ್ಕಿಂತ ಹಿಂದಾದರೂ ವಯಸ್ಸು ಸರಿಯಾಗಿಯೇ ಕಾಣುತ್ತದೆ. ಮೂರನೆಯದು, 'ಇಂದು' ಎಂಬುದನ್ನು ಸೂತ್ರದಲ್ಲಿ ಬಳಸಲೇಬಾರದು. ಫಾರ್ಮ್ ಮತ್ತೆ ಉಳಿಸಿದಾಗ ಮಗುವಿನ ವಯಸ್ಸು ಬೆಳೆದಿರುತ್ತದೆ. ಭೇಟಿಯ ದಿನಾಂಕವನ್ನೇ ಬಳಸಿ. ನಾಲ್ಕನೆಯದು, ಹುಟ್ಟಿದ ದಿನ ನೋಂದಣಿಯ ಈವೆಂಟ್‌ನಲ್ಲಿದ್ದು (ಪ್ರತಿ ಭೇಟಿಗೆ ರೆಡ್‌ಕ್ಯಾಪ್ ಇಡುವ ಹೆಸರು ಈವೆಂಟ್) ಲೆಕ್ಕ ಆರನೇ ತಿಂಗಳ ಭೇಟಿಯಲ್ಲಿ ಆಗಬೇಕಿದ್ದರೆ ವೇರಿಯಬಲ್‌ಗೆ ಮೊದಲು ಈವೆಂಟ್ ಹೆಸರನ್ನೂ ಬರೆಯಬೇಕು. ಇಲ್ಲದಿದ್ದರೆ ಜಾಗ ಖಾಲಿ ಉಳಿಯುತ್ತದೆ.

ಅಳತೆಯ ಫಾರ್ಮ್‌ಗೆ ರೆಡ್‌ಕ್ಯಾಪ್ ಚೆನ್ನಾಗಿ ಒದಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಮಾನದಂಡ ಅಧ್ಯಯನದಲ್ಲಿ ಇಬ್ಬರು ಬೇರೆ ಬೇರೆಯಾಗಿ ಅಳೆದು, ತೂಕದಲ್ಲಿ 100 ಗ್ರಾಂ, ಉದ್ದದಲ್ಲಿ 0.7 ಸೆಂ.ಮೀ., ತಲೆ ಮತ್ತು ತೋಳಿನ ಸುತ್ತಳತೆಯಲ್ಲಿ 0.5 ಸೆಂ.ಮೀ. ಮೀರಿದ ವ್ಯತ್ಯಾಸ ಬಂದರೆ ಮತ್ತೆ ಅಳೆಯುತ್ತಿದ್ದರು. ಅದನ್ನೇ ಇಲ್ಲಿ ಕಟ್ಟಬಹುದು: ಎರಡು ಅಳತೆ, ಒಂದು ವ್ಯತ್ಯಾಸದ ಲೆಕ್ಕ, ಮಿತಿ ಮೀರಿದರಷ್ಟೇ ತೆರೆಯುವ ಇನ್ನೊಂದು ಜೋಡಿ. ಆದರೆ ಕನಿಷ್ಠ-ಗರಿಷ್ಠ ಮಿತಿ ಬರೀ ಎಚ್ಚರಿಸುತ್ತದೆ, ತಡೆಯುವುದಿಲ್ಲ. 9.4 ಕೆ.ಜಿ. ಬದಲು 94 ಎಂದು ಹೊಡೆದು 'ಸರಿ' ಒತ್ತಿದರೆ ಹಾಗೇ ಉಳಿಯುತ್ತದೆ. ಹೀಗಾಗಿ ವಾರಕ್ಕೊಮ್ಮೆ ಡೇಟಾ ಕ್ವಾಲಿಟಿ ಪುಟಕ್ಕೆ ಹೋಗಿ ಮಿತಿ ಮೀರಿದ ಅಂಕಿಗಳಿಗೆ ನಿಯಮ ಡಿ, ತಪ್ಪಿದ ಲೆಕ್ಕಗಳಿಗೆ ನಿಯಮ ಎಚ್ ಓಡಿಸಬೇಕು. ಭೇಟಿಯ ದಿನ ಹುಟ್ಟಿದ ದಿನಕ್ಕಿಂತ ಹಿಂದಿದೆಯೇ ಎಂಬ ಸ್ವಂತ ನಿಯಮವನ್ನೂ ಸೇರಿಸಿಕೊಳ್ಳಿ.

ರೋಗಲಕ್ಷಣಗಳಿಗೆ ಚೆಕ್‌ಬಾಕ್ಸ್ ಬಳಸುವ ಆಸೆಯಾಗುತ್ತದೆ. ಬೇಡ. ಜ್ವರ, ಕೆಮ್ಮು, ಭೇದಿ ಎಂಬ ಪಟ್ಟಿಯಲ್ಲಿ ಗುರುತು ಹಾಕದ್ದೆಲ್ಲ ರಫ್ತಿನಲ್ಲಿ, ಅಂದರೆ ವಿಶ್ಲೇಷಣೆಗೆ ಹೊರತೆಗೆದ ಕಡತದಲ್ಲಿ, 0 ಆಗಿ ಬರುತ್ತದೆ. ತಾಯಿ 'ಇಲ್ಲ' ಅಂದದ್ದೋ, ಕ್ಷೇತ್ರ ಸಿಬ್ಬಂದಿ ಕೇಳಲೇ ಇಲ್ಲವೋ ಎಂದು ಆಮೇಲೆ ಯಾರೂ ಹೇಳಲಾರರು. ಪ್ರತಿ ಲಕ್ಷಣಕ್ಕೂ ಹೌದು, ಇಲ್ಲ, ಗೊತ್ತಿಲ್ಲ ಎಂಬ ಮೂರು ಆಯ್ಕೆ ಕೊಡಿ. ಕೇಳಲು ಕೊಂಚ ಹೊತ್ತು ಹೆಚ್ಚು ಹಿಡಿದರೂ ಪರವಾಗಿಲ್ಲ.

ನೆಟ್‌ವರ್ಕ್ ಇಲ್ಲದ ಹಳ್ಳಿಗಳಿಗೆ ಮೊಬೈಲ್ ಆ್ಯಪ್ ಇದೆ. ಕೆಲಸ ಮಾಡುತ್ತದೆ, ಆದರೆ ಶಿಸ್ತು ಕೇಳುತ್ತದೆ. ಮರುಭೇಟಿಗೆ ಹೊರಡುವ ಮುನ್ನ ಹಳೆಯ ದಾಖಲೆಗಳನ್ನು ಟ್ಯಾಬ್‌ಗೆ ಇಳಿಸಿಕೊಳ್ಳದಿದ್ದರೆ ಹುಟ್ಟಿದ ದಿನಾಂಕವೇ ಸಿಗದೆ ವಯಸ್ಸಿನ ಲೆಕ್ಕ ನಿಲ್ಲುತ್ತದೆ. ಸರ್ವರ್‌ನಲ್ಲಿ ಫಾರ್ಮ್ ಬದಲಾದರೆ ಆ್ಯಪ್‌ನಲ್ಲೂ ರಿಫ್ರೆಶ್ ಆಗಬೇಕು. ಮಾಹಿತಿ ಸರ್ವರ್‌ಗೆ ಏರುವ ಮುನ್ನ ಆ್ಯಪ್ ತೆಗೆದುಹಾಕಿದರೆ ಆ ದಿನದ ಮಕ್ಕಳ ವಿವರ ಹೋದಂತೆಯೇ. ಪ್ರತಿ ಸಂಜೆ ಸಿಂಕ್ ಮಾಡಿಸಿ, ಎಷ್ಟು ದಾಖಲೆ ಏರಿದವು ಎಂದು ಭೇಟಿಯ ಪುಸ್ತಕದೊಡನೆ ತಾಳೆ ನೋಡಿ. ಒಮ್ಮೆ ಮಾತ್ರ ಮಾಡುವ ಮನೆಮನೆ ಸಮೀಕ್ಷೆಗೆ ಕೋಬೋ ಎಂಬ ಸಮೀಕ್ಷೆಯ ತಂತ್ರಾಂಶ ಇದಕ್ಕಿಂತ ಹಗುರ. ಅದೇ ಮಗುವಿನ ಹತ್ತಿರ ಮತ್ತೆ ಹೋಗುವಲ್ಲಿ ರೆಡ್‌ಕ್ಯಾಪ್ ವಾಸಿ.

ವಿಶ್ಲೇಷಣೆಯನ್ನು ರೆಡ್‌ಕ್ಯಾಪ್ ಒಳಗೆ ಮಾಡಲು ಹೋಗಬೇಡಿ. ಝಡ್-ಸ್ಕೋರ್‌ಗೆ (ಮಗುವಿನ ಅಳತೆ ಮಾನದಂಡದ ನಡುಬಿಂದುವಿನಿಂದ ಎಷ್ಟು ದೂರವಿದೆ ಎಂಬ ಅಂಕಿ) ವಯಸ್ಸು, ಲಿಂಗಕ್ಕೆ ತಕ್ಕ ಕೋಷ್ಟಕ ಬೇಕು; ಆ ಲೆಕ್ಕಕ್ಕೆ ಆರ್ ಎಂಬ ಅಂಕಿಅಂಶ ವಿಶ್ಲೇಷಣೆಯ ಭಾಷೆಯ 'ಆಂಥ್ರೊ' ಪ್ಯಾಕೇಜ್ ಸರಿಯಾದ ಜಾಗ. ಅದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡಗಳನ್ನು ಆಧರಿಸಿದೆ. ವಯಸ್ಸನ್ನು ದಿನಗಳಲ್ಲಿ ಕೊಡಿ. ಮಲಗಿಸಿ ಅಳೆದದ್ದೋ ನಿಲ್ಲಿಸಿ ಅಳೆದದ್ದೋ ಎಂಬ ಕಾಲಂ ಕೊಟ್ಟರೆ, ಎರಡು ವರ್ಷದ ಗೆರೆಯ ಆಚೀಚೆ 0.7 ಸೆಂ.ಮೀ. ಕೂಡಿಸುವ, ಕಳೆಯುವ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ. ಈ ಕಾಲಂ ಫಾರ್ಮ್‌ನಲ್ಲಿ ಇಲ್ಲದಿದ್ದರೆ ಆಮೇಲೆ ತರಲು ದಾರಿಯಿಲ್ಲ. ಎರಡೂ ಪಾದಗಳಲ್ಲಿ ಬಾವು ಇರುವ ಮಗುವಿನ ತೂಕದ ಸ್ಕೋರ್ ಅನ್ನು ಅದು ಲೆಕ್ಕಿಸುವುದಿಲ್ಲ, ಅದು ಸರಿಯೇ. ವಯಸ್ಸಿಗೆ ತಕ್ಕ ಎತ್ತರ -6ರಿಂದ 6, ಎತ್ತರಕ್ಕೆ ತಕ್ಕ ತೂಕ -5ರಿಂದ 5ರ ಆಚೆ ಬಿದ್ದರೆ ಗುರುತು ಹಾಕುತ್ತದೆ. ಅಂಥವನ್ನು ಸುಮ್ಮನೆ ಅಳಿಸದೆ ಮೊದಲು ಹುಟ್ಟಿದ ದಿನಾಂಕ ನೋಡಿ, ಆಮೇಲೆ ದಶಮಾಂಶ ಬಿಂದು. ಉದ್ದದ ಕೊನೆಯ ಅಂಕಿಗಳ ಎಣಿಕೆಯನ್ನೂ ತೆಗೆಯಿರಿ. 0 ಮತ್ತು 5 ಮಾತ್ರ ರಾಶಿ ಬಿದ್ದಿದ್ದರೆ ಅಳತೆಯ ಹಲಗೆ ಓದದೆ ಅಂದಾಜು ಮಾಡಿದ್ದಾರೆಂದು ಅರ್ಥ, ಆ ಸಿಬ್ಬಂದಿಗೆ ಮತ್ತೆ ತರಬೇತಿ ಬೇಕು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಇಂಟರ್‌ಗ್ರೋತ್-21 ಮಾನದಂಡಗಳು ಬೇರೆಯೇ ಇವೆ, ಗರ್ಭಾವಧಿಯ ವಾರಗಳನ್ನು ನೋಂದಣಿಯಲ್ಲೇ ಪಡೆದಿರಬೇಕು.

ರಫ್ತಿನ ಕಡತ ಮೊದಲ ಸಲ ನೋಡಿದವರಿಗೆ ಅರ್ಧ ಖಾಲಿ ಕಾಣುತ್ತದೆ. ನೋಂದಣಿಯ ವಿವರ ಒಂದು ಸಾಲಿನಲ್ಲಿ, ಪ್ರತಿ ಕಾಯಿಲೆಯ ಭೇಟಿ ಬೇರೆ ಸಾಲಿನಲ್ಲಿ ಬರುವುದರಿಂದ ಹಾಗೆ. ಅವು ನಾಪತ್ತೆಯಾದ ಉತ್ತರಗಳಲ್ಲ. ಆರ್‌ನ 'ರೆಡ್‌ಕ್ಯಾಪ್‌ಟೈಡಿಯರ್' ಪ್ಯಾಕೇಜ್ ಒಂದೊಂದು ಫಾರ್ಮ್‌ಗೂ ಒಂದೊಂದು ಕೋಷ್ಟಕ ಮಾಡಿಕೊಡುತ್ತದೆ.

ಹಂಚಿಕೊಳ್ಳುವ ಪ್ರತಿಗೆ ಹೆಸರು, ಫೋನ್, ವಿಳಾಸಗಳನ್ನು ಡಿಕ್ಷನರಿಯಲ್ಲೇ ಗುರುತಿನ ಮಾಹಿತಿ ಎಂದು ಸೂಚಿಸಿದ್ದರೆ ರಫ್ತಿನಲ್ಲಿ ಬಿಡಬಹುದು. ಬರಹದ ಪೆಟ್ಟಿಗೆಗಳನ್ನೂ ಬಿಡಿ. ಟಿಪ್ಪಣಿಯಲ್ಲಿ ಅಜ್ಜಿಯ ಹೆಸರು, ಊರಿನ ಹೆಸರು ಸೇರಿರುತ್ತವೆ. ದಿನಾಂಕಗಳನ್ನು ಸರಿಸುವ ಆಯ್ಕೆ ಒಂದು ಮಗುವಿನ ಎಲ್ಲ ದಿನಾಂಕಗಳನ್ನೂ ಒಂದೇ ಅಂತರಕ್ಕೆ ಹಿಂದಕ್ಕೆ ತಳ್ಳುವುದರಿಂದ ವಯಸ್ಸು ಕೆಡುವುದಿಲ್ಲ. ಆದರೆ ಮಳೆಗಾಲದ ಭೇದಿ ಬೇಸಿಗೆಗೆ ಹೋಗುತ್ತದೆ. ಋತುಮಾನ ಮುಖ್ಯವಾದ ಅಧ್ಯಯನದಲ್ಲಿ ಆ ಆಯ್ಕೆ ಬಿಟ್ಟು, ದಿನಾಂಕಗಳನ್ನು ತೆಗೆದು, ಭೇಟಿಯ ತಿಂಗಳು ಮತ್ತು ದಿನಗಳಲ್ಲಿನ ವಯಸ್ಸನ್ನು ಮಾತ್ರ ಕೊಡಿ.