ಅನುದಾನ ಅರ್ಜಿಯ ಪಿಡಿಎಫ್: ಯಾವ ತಂತ್ರಾಂಶ ಕೊನೆತನಕ ಕೈಹಿಡಿಯುತ್ತದೆ?

ಕೊಣಾಜೆಯಿಂದ ಹೋಗಲಿ, ಸುರತ್ಕಲ್ಲಿನಿಂದ ಹೋಗಲಿ, ಮಣಿಪಾಲದಿಂದ ಹೋಗಲಿ, ಸಂಶೋಧನಾ ಅನುದಾನದ ಅರ್ಜಿ ಈಗ ಪೋರ್ಟಲ್ ಮೂಲಕವೇ ಹೋಗಬೇಕು. ಆದರೆ ಅರ್ಜಿ ಒಂದೇ ಕಂಪ್ಯೂಟರಿನಲ್ಲಿ ಹುಟ್ಟಿ ಬೆಳೆಯುವುದಿಲ್ಲ. ಪ್ರಾಧ್ಯಾಪಕರ ಮ್ಯಾಕ್‌ನಲ್ಲಿ ಶುರುವಾಗುತ್ತದೆ, ಸಂಶೋಧನಾ ವಿದ್ಯಾರ್ಥಿಯ ಉಬುಂಟುವಿಗೆ ಬರುತ್ತದೆ, ವಿಭಾಗದ ಕಚೇರಿಯ ವಿಂಡೋಸ್ 7ರಲ್ಲಿ ಬಜೆಟ್ ಸೇರಿಸಿಕೊಳ್ಳುತ್ತದೆ, ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಆದ ಒಪ್ಪಿಗೆ ಪತ್ರಗಳನ್ನು ಅಂಟಿಸಿಕೊಂಡು ಕೊನೆಗೆ ಕುಲಸಚಿವರ ಡಿಜಿಟಲ್ ಸಹಿಗೆ ನಿಲ್ಲುತ್ತದೆ. ಅಪ್‌ಲೋಡ್ ಆಗದಿದ್ದಾಗ ಎಲ್ಲರೂ ಬೈಯುವುದು ಪೋರ್ಟಲನ್ನು. ಫೈಲು ಕೆಟ್ಟಿರುವುದು ಮಾತ್ರ ಬಹುಪಾಲು ಈ ಕೈಬದಲಿನ ದಾರಿಯಲ್ಲಿ.

ಆ ದಾರಿಯಲ್ಲಿ ಸಿಗುವ ತಂತ್ರಾಂಶಗಳನ್ನು ಇಲ್ಲಿ ಒಂದೇ ಅಳತೆಗೋಲಿನಲ್ಲಿ ನೋಡಲಾಗಿದೆ: ಇಲ್ಲಿ ಕಂಡದ್ದು ಅಲ್ಲಿ ಪರಿಶೀಲಕರಿಗೂ ಹಾಗೆಯೇ ಕಾಣುತ್ತದೆಯೇ? ಅಂದಚಂದ, ವೇಗ, ಮೆನುವಿನ ಬಣ್ಣ ಇವೆಲ್ಲ ಲೆಕ್ಕಕ್ಕಿಲ್ಲ.

ಮೊದಲು ಅಡೋಬಿಯ ಉಚಿತ ಅಕ್ರೋಬ್ಯಾಟ್ ರೀಡರ್. ಭಾರ, ನಿಧಾನ, ದುಡ್ಡಿನ ಆವೃತ್ತಿ ಕೊಳ್ಳಿ ಎಂಬ ಪೀಡೆ ಬೇರೆ. ಆದರೂ ಬಿಡುವಂತಿಲ್ಲ. ಕಾರಣ ಎಕ್ಸ್‌ಎಫ್‌ಎ. ತುಂಬಿಸುವ ಪಿಡಿಎಫ್ ನಮೂನೆಗಳಲ್ಲಿ ಎರಡು ಜಾತಿ. ಅಕ್ರೋಫಾರ್ಮ್ ಎಂಬುದು ಸಾಧು, ಎಲ್ಲ ಕಡೆ ತೆರೆಯುತ್ತದೆ. ಎಕ್ಸ್‌ಎಫ್‌ಎ ನಮೂನೆಯಲ್ಲಿ ಪಿಡಿಎಫ್ ಬರೀ ಸಿಪ್ಪೆ. ನಿಜವಾದ ನಮೂನೆ ಒಳಗೆ ಎಕ್ಸ್‌ಎಂಎಲ್ ರೂಪದಲ್ಲಿರುತ್ತದೆ, ತೆರೆಯುವ ತಂತ್ರಾಂಶವೇ ಅದನ್ನು ಓದಿ ಪುಟ ಬಿಡಿಸಬೇಕು. ಬಿಡಿಸಲು ಬಾರದ ತಂತ್ರಾಂಶಕ್ಕೆ ಸಿಗುವುದು ಸಿಪ್ಪೆಯ ಮೇಲಿನ ಒಂದೇ ಸಾಲು, 'ಪ್ಲೀಸ್ ವೇಟ್'. ಎಷ್ಟು ಹೊತ್ತು ಕಾದರೂ ಅಷ್ಟೇ. ನೆಟ್ ನಿಧಾನವಿರಬೇಕು ಎಂದು ಅರ್ಧ ಗಂಟೆ ಕಾಯುವವರಿದ್ದಾರೆ. ನೆಟ್‌ಗೂ ಇದಕ್ಕೂ ಸಂಬಂಧವಿಲ್ಲ.

ಪರಿಹಾರ ಸುಲಭ. ಬ್ರೌಸರಿನಲ್ಲಿ ತೆರೆಯದೆ ಮೊದಲು ಡೌನ್‌ಲೋಡ್ ಮಾಡಿ, ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಓಪನ್ ವಿತ್' ಮೂಲಕ ರೀಡರಿನಲ್ಲಿ ತೆರೆಯಬೇಕು. ಮೊಬೈಲಿನ ಅಕ್ರೋಬ್ಯಾಟ್ ಆ್ಯಪ್‌ಗೆ ಎಕ್ಸ್‌ಎಫ್‌ಎ ಬರುವುದಿಲ್ಲ, ಹಾಗಾಗಿ ಬಸ್ಸಿನಲ್ಲಿ ಕೂತು ತುಂಬಿಸುವ ಯೋಚನೆ ಬೇಡ. ಲಿನಕ್ಸ್‌ಗೆ ಅಡೋಬಿ ಕೊಟ್ಟ ಕೊನೆಯ ರೀಡರ್ 2013ರ 9.5.5. ಉಬುಂಟುವಿನವರಿಗೆ ಸುಲಭದ ದಾರಿ ಫೈರ್‌ಫಾಕ್ಸ್. 2021ರ 93ನೇ ಆವೃತ್ತಿಯಿಂದ ಅದು ಎಕ್ಸ್‌ಎಫ್‌ಎ ತೋರಿಸುತ್ತದೆ. ತೋರಿಸುತ್ತದೆ ಎಂದ ಮಾತ್ರಕ್ಕೆ ನಮೂನೆಯೊಳಗಿನ ಲೆಕ್ಕಾಚಾರದ ಸ್ಕ್ರಿಪ್ಟುಗಳೆಲ್ಲ ಓಡುತ್ತವೆ ಎಂದು ನಂಬಬಾರದು. ಓದಲು ಅದು ಸಾಕು, ಅಂತಿಮವಾಗಿ ತುಂಬಿಸಿ ಉಳಿಸುವುದು ರೀಡರಿನಲ್ಲೇ ಆಗಲಿ. ಪಿಡಿಎಫ್ 2.0 ಮಾನದಂಡ 2017ರಲ್ಲೇ ಎಕ್ಸ್‌ಎಫ್‌ಎಯನ್ನು ಬದಿಗಿಟ್ಟಿದೆ. ಹಳೆಯ ನಮೂನೆಗಳು ಇನ್ನೂ ಚಲಾವಣೆಯಲ್ಲಿರುವವರೆಗೆ ಅದರ ಕಾಟ ತಪ್ಪದು.

ಮ್ಯಾಕಿನ ಪ್ರಿವ್ಯೂ ನೋಡುವುದಕ್ಕೆ ಚೆನ್ನ, ಸೇವ್ ಮಾಡುವುದಕ್ಕೆ ಬೇಡವೇ ಬೇಡ. ಅದರಲ್ಲಿ ತುಂಬಿಸಿ ಉಳಿಸಿದ ನಮೂನೆಯನ್ನು ವಿಂಡೋಸಿನಲ್ಲಿ ತೆರೆದರೆ ಕೆಲವು ಖಾನೆಗಳು ಖಾಲಿ ಕಾಣುವುದುಂಟು. ಅಡೋಬಿಯ ಉಪಕರಣದಿಂದ 'ರೀಡರಿನಲ್ಲಿ ಉಳಿಸಬಹುದು' ಎಂಬ ವಿಶೇಷ ಹಕ್ಕು ಕೊಟ್ಟ ನಮೂನೆಯಾದರೆ ಕಥೆ ಇನ್ನೂ ಕೆಟ್ಟದ್ದು: ಬೇರೆ ತಂತ್ರಾಂಶ ಒಮ್ಮೆ ಮುಟ್ಟಿ ಉಳಿಸಿದರೆ ಆ ಹಕ್ಕೇ ಮುರಿಯುತ್ತದೆ, ಆಮೇಲೆ ರೀಡರ್ ಕೂಡ ಉಳಿಸಲು ಒಪ್ಪುವುದಿಲ್ಲ. ಮತ್ತೆ ಖಾಲಿ ನಮೂನೆಯಿಂದಲೇ ಶುರು.

ಈ ರೋಗ ನಮ್ಮ ಊರಿನದ್ದೇನಲ್ಲ. ಅಮೆರಿಕದ ಸರ್ಕಾರಿ ಅನುದಾನ ಪೋರ್ಟಲ್ ಗ್ರಾಂಟ್ಸ್ ಡಾಟ್ ಗವ್ ಮೊದಲ ವರ್ಷಗಳಲ್ಲಿ ಪ್ಯೂರ್‌ಎಡ್ಜ್ ಎಂಬ ವೀಕ್ಷಕವನ್ನು ನಂಬಿಕೊಂಡಿತ್ತು. ಅದು ವಿಂಡೋಸಿನಲ್ಲಿ ಮಾತ್ರ ಓಡುತ್ತಿತ್ತು. ಮ್ಯಾಕ್ ಇದ್ದವರು ಸಿಟ್ರಿಕ್ಸ್ ಮೂಲಕ ದೂರದ ವಿಂಡೋಸ್ ಸರ್ವರಿಗೆ ಹೋಗಿ ತುಂಬಿಸಬೇಕಿತ್ತು. ಆಮೇಲೆ ಅಡೋಬಿ ನಮೂನೆಗಳು ಬಂದವು, ಇಡೀ ಅರ್ಜಿ ಒಂದೇ ಪಿಡಿಎಫ್ ಕಟ್ಟು. ತಂಡದಲ್ಲಿ ಒಬ್ಬರು ಹೊಂದದ ಆವೃತ್ತಿಯಲ್ಲಿ ತೆರೆದು ಉಳಿಸಿದರೆ ಕಟ್ಟಿಗೆ ಕಟ್ಟೇ ಹಾಳಾಗುತ್ತಿತ್ತು. 2017ರ ಕೊನೆಗೆ ಆ ಒಂಟಿ ಕಟ್ಟಿಗೆ ವಿದಾಯ ಹೇಳಿ, ನಮೂನೆಗಳನ್ನು ಬಿಡಿಬಿಡಿಯಾಗಿ ತುಂಬಿಸುವ ವರ್ಕ್‌ಸ್ಪೇಸ್ ವ್ಯವಸ್ಥೆಯನ್ನೇ ಗಟ್ಟಿ ಮಾಡಿದರು.

ಇಲ್ಲಿಂದ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಗೆ ಅರ್ಜಿ ಹಾಕುವವರಿಗೆ ಇನ್ನೊಂದು ಕೊಕ್ಕೆ ಕಾಗದದ ಅಳತೆ. ಅಲ್ಲಿನ ನಿಯಮದಂತೆ ಪುಟ 8.5 ಇಂಚು ಅಗಲ, 11 ಇಂಚು ಉದ್ದ ಮೀರಬಾರದು. ನಮ್ಮ ಎ4 297 ಮಿಲಿಮೀಟರ್ ಉದ್ದ, ಅವರ ಲೆಟರ್ 279.4. ಎ4ನಲ್ಲಿ ಬರೆದು ಮುಗಿಸಿ ಕೊನೆಗೆ ಅಳತೆ ಬದಲಿಸಿದರೆ ಪುಟಕ್ಕೆ ಮೂರು ನಾಲ್ಕು ಸಾಲು ಮುಂದಕ್ಕೆ ಸರಿಯುತ್ತದೆ, 12 ಪುಟದ ಮಿತಿಯೊಳಗಿದ್ದ ಅರ್ಜಿ 13ಕ್ಕೆ ಹಾರುತ್ತದೆ. ಮೊದಲ ಅಕ್ಷರ ಟೈಪ್ ಮಾಡುವ ಮುಂಚೆಯೇ ಪೇಜ್ ಸೆಟಪ್ಪಿನಲ್ಲಿ ಲೆಟರ್ ಆರಿಸಿ. ಅಂಚು ಅರ್ಧ ಇಂಚಿಗಿಂತ ಕಡಿಮೆ ಬೇಡ, ಅಕ್ಷರ 11 ಪಾಯಿಂಟಿಗಿಂತ ಚಿಕ್ಕದು ಬೇಡ, ಫೈಲ್ ಹೆಸರು ಖಾಲಿ ಜಾಗವೂ ಸೇರಿ 50 ಅಕ್ಷರದೊಳಗಿರಲಿ. ಫೈಲಿಗೆ ಕನ್ನಡದ ಹೆಸರು ಯಾವ ಪೋರ್ಟಲಿಗೂ ಕೊಡಬೇಡಿ, ಭಾಷಾಭಿಮಾನಕ್ಕೆ ಒಳಗೆ ಬೇಕಾದಷ್ಟು ಜಾಗವಿದೆ.

ಬರೆಯುವ ತಂತ್ರಾಂಶಕ್ಕೆ ಬರೋಣ. ವರ್ಡ್ ಒಳ್ಳೆಯದೋ ಲಿಬ್ರೆಆಫೀಸ್ ಒಳ್ಳೆಯದೋ ಎಂಬ ಜಗಳಕ್ಕೆ ಉತ್ತರ: ಎರಡೂ ಒಳ್ಳೆಯವು, ಬೆರೆಸಿದರೆ ಮಾತ್ರ ಕೆಟ್ಟವು. ವರ್ಡ್ ಕಡತ ಲಿಬ್ರೆಆಫೀಸಿಗೆ ಬಂದಾಗ ಕ್ಯಾಲಿಬ್ರಿ ಫಾಂಟ್ ಇಲ್ಲದಿದ್ದರೆ ಕಾರ್ಲಿಟೊ, ಕೇಂಬ್ರಿಯಾ ಇಲ್ಲದಿದ್ದರೆ ಕ್ಯಾಲಾಡಿಯಾ ಕೂರುತ್ತದೆ. ಅಕ್ಷರದ ಅಗಲ ಒಂದೇ ಇರುವುದರಿಂದ ಸಾಲು ಹೆಚ್ಚು ಕದಲುವುದಿಲ್ಲ. ಕೈಕೊಡುವುದು ಕೋಷ್ಟಕಗಳು, ಸಮೀಕರಣಗಳು, ತೇಲುವ ಚಿತ್ರಗಳು. ಕರಡು ಎಲ್ಲಿ ಬೇಕಾದರೂ ಓಡಾಡಲಿ. ಪಿಡಿಎಫ್ ಹೊರಡುವ ಯಂತ್ರ ಒಂದೇ ಇರಲಿ.

ಪಿಡಿಎಫ್ ಮಾಡುವುದರಲ್ಲಿ ಲಿಬ್ರೆಆಫೀಸಿಗೆ ಒಂದು ಕೈ ಮೇಲು. 'ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್' ಸಂವಾದದ ಜನರಲ್ ವಿಭಾಗದಲ್ಲಿ, ಬಹುಕಾಲ ಒಂದೇ ರೀತಿ ಕಾಣಲೆಂದೇ ಮಾಡಿದ ಪಿಡಿಎಫ್/ಎ ಆಯ್ಕೆಯಿದೆ, 2ಬಿ ಆರಿಸಿದರೆ ಸಾಕು. ಬಳಸಿದ ಫಾಂಟುಗಳೆಲ್ಲ ಫೈಲಿನೊಳಗೇ ಸೇರುತ್ತವೆ. ಚಿತ್ರಗಳ ರೆಸಲ್ಯೂಶನ್ ಅಲ್ಲೇ 150 ಡಿಪಿಐಗೆ (ಇಂಚಿಗೆ 150 ಚುಕ್ಕಿ) ಇಳಿಸಬಹುದು. ವರ್ಡ್‌ನಲ್ಲೂ ಸೇವ್ ಆ್ಯಸ್‌ನ ಆಪ್ಷನ್ಸ್ ಒಳಗೆ ಪಿಡಿಎಫ್/ಎ ಗುರುತು ಅಡಗಿ ಕೂತಿದೆ. ಫಾಂಟ್ ಸೇರಿದೆಯೇ ಎಂದು ನೋಡಲು ರೀಡರಿನಲ್ಲಿ ಕಂಟ್ರೋಲ್ ಮತ್ತು ಡಿ ಒತ್ತಿ ಫಾಂಟ್ಸ್ ಪಟ್ಟಿ ತೆರೆಯಿರಿ. ಪ್ರತಿ ಹೆಸರಿನ ಮುಂದೆ 'ಎಂಬೆಡೆಡ್' ಅಥವಾ 'ಎಂಬೆಡೆಡ್ ಸಬ್‌ಸೆಟ್' ಇರಬೇಕು.

ಕನ್ನಡ ಇರುವ ಅರ್ಜಿಗಳಲ್ಲಿ ಈ ಪಟ್ಟಿ ನೋಡದೆ ಮುಂದೆ ಹೋಗಲೇಬಾರದು. ಯಕ್ಷಗಾನ, ಪಾಡ್ದನ, ದಾಸಸಾಹಿತ್ಯದ ಯೋಜನೆಗಳು ಉಡುಪಿ ಕಡೆಯಿಂದ ಹೋಗುವಾಗ ಆಗುವ ಎಡವಟ್ಟುಗಳೆಲ್ಲ ಫಾಂಟಿನದ್ದೇ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಯಂತ್ರದ ಕಣ್ಣಿಗೆ ಕನ್ನಡವೇ ಅಲ್ಲ, ಕನ್ನಡದ ವೇಷ ಹಾಕಿದ ರೋಮನ್ ಅಕ್ಷರ. ಪೋರ್ಟಲಿನ ಖಾನೆಗೆ ಅಂಟಿಸಿದ ಕೂಡಲೇ ವೇಷ ಕಳಚುತ್ತದೆ. ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತವಾದ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಕನ್ನಡದ ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡದ ಕಲಸುಮೇಲೋಗರ ಮಾಡಿಬಿಡುತ್ತವೆ. ಇಂಗ್ಲಿಷ್ ಪದ, ರಾಸಾಯನಿಕ ಸೂತ್ರ, ಇಮೇಲ್ ವಿಳಾಸಗಳನ್ನು ಬಿಟ್ಟು ಕನ್ನಡದ ಭಾಗವನ್ನಷ್ಟೇ ಪರಿವರ್ತಿಸಿ, ಆಮೇಲೆ ಅರ್ಕಾವೊತ್ತು ಮತ್ತು ಮೂರು ವ್ಯಂಜನದ ಒತ್ತಕ್ಷರಗಳನ್ನು ಕಣ್ಣಲ್ಲೇ ಓದಿ ನೋಡಬೇಕು.

ಯುನಿಕೋಡಿನಲ್ಲೇ ಬರೆದರೂ ತುಂಗಾ ಫಾಂಟಿನ ವಿಷಯ ನೆನಪಿರಲಿ. ವಿಂಡೋಸ್ 10ರಲ್ಲಿ ಅದು ತಾನಾಗಿ ಬರುವುದಿಲ್ಲ, ಐಚ್ಛಿಕ ಕನ್ನಡ ಫಾಂಟ್ ಕಟ್ಟಿನಲ್ಲಿದೆ. ಇಲ್ಲದ ಯಂತ್ರದಲ್ಲಿ ನಿರ್ಮಲಾ ಯುಐ ಬಂದು ಕೂರುತ್ತದೆ, ಸಾಲಿನ ಎತ್ತರ ಬದಲಾಗಿ ಪುಟಗಳೆಲ್ಲ ಸರಿಯುತ್ತವೆ. ತಂಡದವರೆಲ್ಲ ಉಚಿತವಾದ ನೋಟೊ ಸ್ಯಾನ್ಸ್ ಕನ್ನಡ ಹಾಕಿಕೊಂಡರೆ ಈ ತಕರಾರೇ ಇಲ್ಲ.

ಅಕ್ಷರ ಮಿತಿಯ ಲೆಕ್ಕವೂ ಮೋಸ ಮಾಡುತ್ತದೆ. 'ಯಕ್ಷಗಾನ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡಿನಲ್ಲಿ 7 ಸಂಕೇತ, ಅದನ್ನು ಉಳಿಸುವ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೆ 3ರಂತೆ 21 ಬೈಟ್. ಪೋರ್ಟಲ್ ಬೈಟ್ ಎಣಿಸುವ ಜಾತಿಯದ್ದಾದರೆ 500ರ ಖಾನೆಯಲ್ಲಿ ಹಿಡಿಯುವುದು 166 ಸಂಕೇತ ಮಾತ್ರ, ಇಂಗ್ಲಿಷಿನ ಮೂರನೇ ಒಂದು ಪಾಲು. ಸಾರಾಂಶ ನಡುವಿನಲ್ಲಿ ಕತ್ತರಿಸಿ ಹೋಗುವುದು ಹೀಗೆ. ತುಳು-ತಿಗಳಾರಿ ಲಿಪಿಯ ಹಸ್ತಪ್ರತಿಗಳ ಮೇಲೆ ಕೆಲಸ ಮಾಡುವವರಿಗೆ ಇನ್ನೊಂದು ಎಚ್ಚರಿಕೆ. ಆ ಲಿಪಿ ಯುನಿಕೋಡಿಗೆ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ, 16.0 ಆವೃತ್ತಿಯಲ್ಲಿ. ಅದರ ಪ್ರತಿ ಅಕ್ಷರ 4 ಬೈಟ್. ಮೈಎಸ್‌ಕ್ಯೂಎಲ್ ದತ್ತಸಂಚಯದ ಹಳೆಯ ಯುಟಿಎಫ್-8 ಹೊಂದಿಕೆ 3 ಬೈಟಿನವರೆಗೆ ಮಾತ್ರ ಹಿಡಿಯುತ್ತದೆ. ಅಂಥ ಪೋರ್ಟಲಿಗೆ ಅಂಟಿಸಿದರೆ ದೋಷ ತೋರಿಸಬಹುದು, ಇಲ್ಲವೇ ಆ ಅಕ್ಷರದಿಂದ ಮುಂದಿನದ್ದೆಲ್ಲ ಸದ್ದಿಲ್ಲದೆ ಮಾಯವಾಗಬಹುದು. ಖಾನೆಯಲ್ಲಿ ಕನ್ನಡ ಲಿಪ್ಯಂತರ ಬರೆದು, ಮೂಲ ಲಿಪಿಯನ್ನು ಲಗತ್ತಿಸುವ ಪಿಡಿಎಫ್‌ನಲ್ಲಿ ಚಿತ್ರವಾಗಿ ಕೊಡುವುದೇ ಸದ್ಯಕ್ಕೆ ಕ್ಷೇಮ.

ಸ್ಕ್ಯಾನ್ ಮಾಡಿದ ಪುಟಗಳ ತೂಕ, ಅಂದರೆ ಫೈಲಿನ ಗಾತ್ರ, ಇಳಿಸಲು ಉಚಿತ ತಂತ್ರಾಂಶ ಘೋಸ್ಟ್‌ಸ್ಕ್ರಿಪ್ಟ್ ಬಿಟ್ಟು ಬೇರೇನೂ ಬೇಕಿಲ್ಲ. ಅದರ 'ಸ್ಕ್ರೀನ್' ಹೊಂದಿಕೆ ಚಿತ್ರಗಳನ್ನು 72 ಡಿಪಿಐಗೆ ಇಳಿಸುತ್ತದೆ, ಮೊಹರು ಓದಲಾಗುವುದಿಲ್ಲ. 'ಈಬುಕ್' 150, ಇದೇ ಹದ. ಆದರೆ ಜೆರಾಕ್ಸ್ ಅಂಗಡಿಯಲ್ಲೇ ಸರಿಯಾಗಿ ಹೇಳಿದರೆ ಇಳಿಸುವ ಕೆಲಸವೇ ಬೀಳದು. ಎ4 ಪುಟವನ್ನು ಬಣ್ಣದಲ್ಲಿ 300 ಡಿಪಿಐಗೆ ಹಿಡಿದರೆ 2480ಕ್ಕೆ 3508 ಪಿಕ್ಸೆಲ್, ಕುಗ್ಗಿಸುವ ಮುಂಚೆ ಸುಮಾರು 26 ಎಂಬಿ. ಅದೇ ಪುಟ ಬರೀ ಕಪ್ಪು-ಬಿಳುಪಿನಲ್ಲಿ ಒಂದು ಎಂಬಿ ಆಸುಪಾಸು, ಕುಗ್ಗಿಸಿದ ಮೇಲೆ ಕೆಲವು ಹತ್ತು ಕೆಬಿ. ನೀಲಿ ಮೊಹರು ಕಾಣಲೇಬೇಕಾದ ಪುಟವೊಂದನ್ನು ಬಿಟ್ಟು ಉಳಿದದ್ದೆಲ್ಲ 'ಬ್ಲ್ಯಾಕ್ ಆ್ಯಂಡ್ ವೈಟ್, 200' ಎಂದು ಹೇಳಿ. ಉಚಿತವಾಗಿ ಕುಗ್ಗಿಸಿಕೊಡುವ ಜಾಲತಾಣಗಳಿಗೆ ಪ್ಯಾನ್, ಪಾಸ್‌ಬುಕ್ ಪುಟಗಳನ್ನು ಏರಿಸುವುದು ಮಾತ್ರ ಶುದ್ಧ ಅವಿವೇಕ.

ಡಿಜಿಟಲ್ ಸಹಿಯ ಪ್ರಮಾಣಪತ್ರ ಹೊತ್ತ ಯುಎಸ್‌ಬಿ ಟೋಕನ್ನು ಈ ಸಾಲಿನಲ್ಲಿ ಎಲ್ಲಕ್ಕಿಂತ ಹಠಮಾರಿ. 2021ರ ಜನವರಿ 1ರಿಂದ ಕ್ಲಾಸ್ 2 ಪ್ರಮಾಣಪತ್ರ ಕೊಡುವುದು ನಿಂತಿದೆ, ಈಗ ಕ್ಲಾಸ್ 3 ಮಾತ್ರ. ಹಳೆಯ ಪೋರ್ಟಲುಗಳ ಜಾವಾ ಆ್ಯಪ್ಲೆಟ್ ಕಾಲ 2015ರಲ್ಲಿ ಕ್ರೋಮ್ 45ರೊಂದಿಗೇ ಮುಗಿಯಿತು. ಈಗ ಕಂಪ್ಯೂಟರಿನಲ್ಲಿ ಒಂದು ಸಹಾಯಕ ತಂತ್ರಾಂಶ ಹಿನ್ನೆಲೆಯಲ್ಲಿ ಓಡುತ್ತಾ ಬ್ರೌಸರಿಗೂ ಟೋಕನ್ನಿಗೂ ನಡುವೆ ಮಾತಾಡುತ್ತದೆ. ಆಂಟಿವೈರಸ್ ಅದನ್ನು ತಡೆದರೆ ಪೋರ್ಟಲಿನಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ, ತಪ್ಪು ಎಲ್ಲಿ ಎಂದು ಯಾರೂ ಹೇಳುವುದಿಲ್ಲ. ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ಚಾಲೂ ಮಾಡಿ, ಟೋಕನ್ನಿನದೇ ಡ್ರೈವರ್ ಹಾಕಿ, ಪ್ರಮಾಣಪತ್ರಗಳ ಪಟ್ಟಿಯಲ್ಲಿ ಅವಧಿ ಮುಗಿದದ್ದನ್ನು ಬಿಟ್ಟು ದಿನಾಂಕ ನೋಡಿ ಆರಿಸಿ. ಪಿನ್ ಊಹಿಸಲು ಹೋಗಬೇಡಿ, ಕೆಲವೇ ಸಲ ತಪ್ಪಿದರೆ ಟೋಕನ್ ಬೀಗ ಹಾಕಿಕೊಳ್ಳುತ್ತದೆ. ವಿಂಡೋಸ್ 7 ಯಂತ್ರ ಈ ಕೆಲಸಕ್ಕೆ ಬೇಡ. ಅದಕ್ಕೆ ಬಂದ ಕೊನೆಯ ಕ್ರೋಮ್ 109.

ಸಹಿ ಬಿದ್ದ ಮೇಲೆ ಫೈಲನ್ನು ಮುಟ್ಟಬಾರದು. ಸಹಿ ನಿಂತಿರುವುದು ಫೈಲಿನ ಬೈಟುಗಳ ಮೇಲೆ. ಸೇರಿಸಿದರೆ, ಕುಗ್ಗಿಸಿದರೆ, ಮತ್ತೆ ಪ್ರಿಂಟ್ ಟು ಪಿಡಿಎಫ್ ಮಾಡಿದರೆ ಬಿದ್ದುಹೋಗುತ್ತದೆ. ಮೊದಲು ಜೋಡಣೆ, ಆಮೇಲೆ ತೂಕ, ಕಟ್ಟಕಡೆಗೆ ಸಹಿ. ರೀಡರಿನಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಗಾಬರಿ ಬೇಡ, ಪ್ರಮಾಣಪತ್ರದ ಮೂಲವನ್ನು ನಿಮ್ಮ ರೀಡರ್ ಇನ್ನೂ ನಂಬಿಲ್ಲ ಎಂದಷ್ಟೇ ಅರ್ಥ. ಕೆಂಪು ಚಿಹ್ನೆ ಬಂದರೆ ಮಾತ್ರ ಸಹಿ ಕೆಟ್ಟಿದೆ.

ದುಡ್ಡು ಕೊಟ್ಟು ಅಕ್ರೋಬ್ಯಾಟ್ ಪ್ರೊ ಕೊಳ್ಳಬೇಕೇ? ಪ್ರತಿ ವಿಭಾಗಕ್ಕೂ ಬೇಡ. ಫಾಂಟ್ ಸೇರದ ಪರರ ಪಿಡಿಎಫ್‌ಗಳನ್ನು ಸರಿಪಡಿಸುವ ಅದರ ಪ್ರೀಫ್ಲೈಟ್ ಸೌಲಭ್ಯಕ್ಕಾಗಿ ಸಂಶೋಧನಾ ಘಟಕದಲ್ಲಿ ಒಂದು ಪರವಾನಗಿ ಇದ್ದರೆ ಇಡೀ ಕ್ಯಾಂಪಸ್ಸಿಗೆ ಸಾಲುತ್ತದೆ. ಉಳಿದ ದುಡ್ಡಿನಲ್ಲಿ ರೂಟರಿಗೂ ಒಂದು ಚಿಕ್ಕ ಯುಪಿಎಸ್ ಕೊಳ್ಳಿ. ಜೂನ್-ಜುಲೈಯ ಗಾಳಿಮಳೆಗೆ ಕರೆಂಟ್ ಹೋದಾಗ ಕಂಪ್ಯೂಟರ್ ಉಳಿದು ನೆಟ್ ಸತ್ತರೆ, ಪೋರ್ಟಲಿನ ಲಾಗಿನ್ ಅವಧಿಯೂ ಅದರ ಜೊತೆಗೇ ಸಾಯುತ್ತದೆ.

ಅಪ್‌ಲೋಡ್ ಮುಗಿದ ಮೇಲೆ ಪೋರ್ಟಲ್ ತಾನೇ ಜೋಡಿಸಿದ ಪೂರ್ಣ ಅರ್ಜಿಯನ್ನು ಮರಳಿ ಇಳಿಸಿಕೊಂಡು, ಅರ್ಜಿ ತಯಾರಿಸಿದ್ದಲ್ಲದ ಬೇರೊಂದು ಕಂಪ್ಯೂಟರಿನಲ್ಲಿ ತೆರೆಯಿರಿ. ಪುಟಗಳ ಸಂಖ್ಯೆ, ಕನ್ನಡದ ಪುಟಗಳು, ಬಜೆಟ್ಟಿನ ಒಟ್ಟು ಮೊತ್ತ ಈ ಮೂರನ್ನು ನೋಡಿ. '12,50,000' ಎಂದು ಅಲ್ಪವಿರಾಮ ಹಾಕಿ ಅಂಟಿಸಿದ ಅಂಕಿ ಕೆಲವು ಖಾನೆಗಳಲ್ಲಿ 12 ಆಗಿ ಉಳಿದಿರುತ್ತದೆ.