ಪ್ಯಾನ್ ಹೌಸಿನ ದಾಖಲೆಗೆ ಪೋಸ್ಟ್‌ಗ್ರೆಸ್: ನಾಲ್ಕು ಹಂಗಾಮು ಬಳಸಿದ ಮೇಲೆ

ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗ ನೋಡಿಕೊಳ್ಳುತ್ತೇನೆ. ನಾಲ್ಕು ಹಂಗಾಮಿನಿಂದ ಪ್ಯಾನ್ ಹೌಸಿನ (ಕಬ್ಬಿನ ಪಾಕವನ್ನು ದೊಡ್ಡ ಪ್ಯಾನ್‌ಗಳಲ್ಲಿ ವ್ಯಾಕ್ಯೂಮ್, ಅಂದರೆ ನಿರ್ವಾತದಲ್ಲಿ ಕುದಿಸಿ ಹರಳು ಕಟ್ಟಿಸುವ ವಿಭಾಗ) ದಾಖಲೆಯನ್ನೆಲ್ಲ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಇಡುತ್ತಿದ್ದೇವೆ. ಪುಕ್ಕಟೆ ಸಿಗುವ ಡೇಟಾಬೇಸ್ ಇದು.

ಮೊದಲು ಒಂದು ರೆಕಾರ್ಡರ್ ಇತ್ತು. ಮೆಮೊರಿ ತುಂಬಿದರೆ ಹಳೇದನ್ನು ಅಳಿಸಿ ಹೊಸದನ್ನು ಬರೆಯುತ್ತಿತ್ತು. ಒಂದು ಹಂಗಾಮಿನಲ್ಲಿ ಸಕ್ಕರೆಯಲ್ಲಿ ಪುಡಿ ಹರಳು ಜಾಸ್ತಿ ಬರತೊಡಗಿತು. ಹಿರಿಯ ಪ್ಯಾನ್‌ಮನ್ ಒಬ್ಬರು ಬಂದು, "ಸರ, ಹ್ವಾದ ವರ್ಷ ಗ್ರೇನ್ ಚಲೋ ಬಂದಿತ್ತಲ್ರೀ, ಆವಾಗ ವ್ಯಾಕ್ಯೂಮ್ ಹೆಂಗಿತ್ತು, ಸ್ವಲ್ಪ ತಗದ್ ತೋರಸ್ರಿ" ಅಂದರು. ತೋರಿಸಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಆ ಸಂಕಟಕ್ಕೇ ಈ ಕೆಲಸ ಹಿಡಿದೆ.

ಈಗ 40 ಟ್ಯಾಗ್‌ಗಳನ್ನು (ವ್ಯಾಕ್ಯೂಮ್‌ನಂಥ ಒಂದೊಂದು ಅಳತೆಗೆ ಒಂದು ಟ್ಯಾಗ್) 5 ಸೆಕೆಂಡಿಗೊಮ್ಮೆ ಬರೆಯುತ್ತೇವೆ. ದಿನಕ್ಕೆ 6,91,200 ಸಾಲು. 120 ದಿನ ಕಾರ್ಖಾನೆ ನಡೆದರೆ ಎಂಟು ಕೋಟಿ ದಾಟುತ್ತದೆ. ಆದರೂ ಡಿಸ್ಕಿನಲ್ಲಿ ಹಿಡಿಯುವುದು 4 ಜಿಬಿ ಆಸುಪಾಸು ಅಷ್ಟೇ. ತಿಂಗಳಿಗೊಂದು ಪಾರ್ಟಿಶನ್ (ಟೇಬಲ್ಲಿನ ಬೇರೆ ಭಾಗ) ಮಾಡಿದ್ದೇವೆ, ಸಮಯದ ಮೇಲೆ ಬ್ರಿನ್ ಇಂಡೆಕ್ಸ್ (ಬಹಳ ಕಡಿಮೆ ಜಾಗ ಹಿಡಿಯುವ ಸೂಚಿ) ಇದೆ. ಜಾಗ ಉಳಿಸಲು ಸರಾಸರಿ ಮಾತ್ರ ಇಡಿ ಎಂದು ಕೆಲವರು ಹೇಳಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ವ್ಯಾಕ್ಯೂಮ್ ಒಂದೇ ನಿಮಿಷ ಜಿಗಿದರೂ ಪ್ಯಾನ್ ತಣ್ಣಗಾಗಿ, ಬೇಡದ ಹೊಸ ಹರಳು ಹುಟ್ಟುತ್ತವೆ. ಹತ್ತು ನಿಮಿಷದ ಸರಾಸರಿಯಲ್ಲಿ ಆ ಜಿಗಿತ ಕಾಣುವುದೇ ಇಲ್ಲ.

ಇನ್ನೊಂದು ಮುಖ್ಯ ವಿಷಯ. ಬರೀ ಗಂಟೆ-ನಿಮಿಷದ ಲೆಕ್ಕದಲ್ಲಿ ತುಂಬಿಟ್ಟರೆ ಮೂರು ವರ್ಷದ ನಂತರ ಯಾರಿಗೂ ಏನೂ ಸಿಗುವುದಿಲ್ಲ. ಅದಕ್ಕೇ ಬ್ಯಾಚ್‌ಗೆ ಬೇರೆ ಟೇಬಲ್ ಇದೆ: ಯಾವ ಪ್ಯಾನ್, ಎ, ಬಿ, ಸಿ ಪೈಕಿ ಯಾವ ಮ್ಯಾಸೆಕ್ವಿಟ್ (ಹರಳು ಕೂಡಿದ ಗಟ್ಟಿ ಪಾಕ; ಎ ಮೊದಲ ಕುದಿತದ್ದು, ಸಿ ಕೊನೆಯದ್ದು), ಸ್ಲರಿ (ಹರಳು ಕಟ್ಟಿಸಲು ಹಾಕುವ ನುಣ್ಣನೆ ಸಕ್ಕರೆ ಬೀಜ) ಕೊಟ್ಟ ಹೊತ್ತು, ಪ್ಯಾನ್ ಬಿಟ್ಟ (ಖಾಲಿ ಮಾಡಿದ) ಹೊತ್ತು. ಬ್ರಿಕ್ಸ್ (ಪಾಕದಲ್ಲಿ ಕರಗಿದ ಘನಾಂಶ), ಪ್ಯೂರಿಟಿ (ಆ ಘನಾಂಶದಲ್ಲಿ ಸಕ್ಕರೆಯ ಪಾಲು) ಕಾಲಂ ಮಾತ್ರ ಖಾಲಿ ಬಿಟ್ಟಿರುತ್ತೇವೆ. ಲ್ಯಾಬಿನಿಂದ ಅವು ತಡವಾಗಿ ಬರುತ್ತವಲ್ವಾ.

ಮೊದಲ ಹಂಗಾಮಿನಲ್ಲಿ ಒಂದು ತಪ್ಪಾಯಿತು. ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ನಿಯಂತ್ರಕ) ಗಡಿಯಾರ ಕಂಪ್ಯೂಟರಿಗಿಂತ 7 ನಿಮಿಷ ಹಿಂದಿತ್ತು. ಸ್ಲರಿ ಕೊಟ್ಟ ಹೊತ್ತಿಗೂ ವ್ಯಾಕ್ಯೂಮ್ ಗೆರೆಗೂ ತಾಳೆಯೇ ಆಗುತ್ತಿರಲಿಲ್ಲ. ಎರಡು ತಿಂಗಳ ದಾಖಲೆಯನ್ನು ಕೈಯಾರೆ ಸರಿಮಾಡಿದೆ. ಈಗ ಎಲ್ಲ ಗಡಿಯಾರಗಳೂ ಒಂದೇ ಸರ್ವರ್ ನೋಡಿ ಹೊಂದಿಕೊಳ್ಳುತ್ತವೆ.

ಕೊರತೆಯೂ ಇದೆ. ಗ್ರಾಫ್ ತೋರಿಸಲು ಗ್ರಫಾನಾದಂಥದ್ದು ಬೇರೆ ಹಾಕಿಕೊಳ್ಳಬೇಕು. ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ) ಬಲ್ಲವರು ಒಬ್ಬರಾದರೂ ಬೇಕೇ ಬೇಕು. ಒಂದೊಂದು ದೊಡ್ಡ ಆವೃತ್ತಿಗೆ ಬೆಂಬಲ 5 ವರ್ಷ ಮಾತ್ರ, ಆಮೇಲೆ ದಾಖಲೆಯನ್ನು ಹೊಸದಕ್ಕೆ ಸಾಗಿಸಲೇಬೇಕು. ಆ ಕೆಲಸಕ್ಕೆ ನುರಿಸುವಿಕೆ ನಿಂತ ತಿಂಗಳುಗಳೇ ಸರಿ.

ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ ಓದಿದ ಹುಡುಗನೊಬ್ಬ ಹೋದ ವರ್ಷ ನಮ್ಮಲ್ಲಿ ಸೇರಿದ. ಮೂರು ಹಂಗಾಮಿನ ಸಿ ಪ್ಯಾನ್‌ಗಳ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಬಹುದಾ ಅಂತ ಕೇಳಿದ. ಅರ್ಧ ಗಂಟೆಯಲ್ಲಿ ತೆಗೆದುಕೊಟ್ಟೆ. ಅದೇ ಹಿರಿಯ ಪ್ಯಾನ್‌ಮನ್ ಪಕ್ಕದಲ್ಲಿ ಕೂತು, ಒಂದೊಂದು ಗೆರೆಗೂ ಬೆರಳಿಟ್ಟು, ಅವತ್ತು ಏನಾಗಿತ್ತು ಅಂತ ಆ ಹುಡುಗನಿಗೆ ಬಿಡಿಸಿ ಹೇಳಿದರು.

ಬ್ಯಾಕಪ್ ಬೇರೆ ಕಟ್ಟಡದಲ್ಲಿದೆ. ಈ ಸಲ ಬಾಯ್ಲರ್ ಪೂಜೆಗೆ ಮುಂಚೆ ಮೊದಲ ಹಂಗಾಮಿನ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದೆ. ಪೂರ್ತಿ ಬಂತು.